ಕೋಷ್ಠ ಕೇಳಿದರೆ ಎರಡು ಅಂಗಡಿಯಲ್ಲಿ ಎರಡು ಬೇರು: ಯಾವುದು ಸರಿ? ಬ್ರಹ್ಮಕಮಲಕ್ಕೂ ಇದಕ್ಕೂ ಏನು ನಂಟು?

ತೊಟ್ಟಿಮನೆ (ಸರಸ್ವತೀಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನ ಹತ್ತಿರ ಬಂತು. ನಮ್ಮತ್ತೆ ಬರೆಸಿಟ್ಟಿದ್ದ ಬಾಣಂತಿ ಪುಡಿಯ ಪಟ್ಟಿಯಲ್ಲಿ ಹಿಪ್ಪಲಿ, ಒಣಶುಂಠಿ, ಓಮ, ಬಜೆ ಇವುಗಳ ಜೊತೆಗೆ "ಕೋಷ್ಠ, ಒಂದು ತುಂಡು" ಅಂತ ಇದೆ. ದೇವರಾಜ ಮಾರುಕಟ್ಟೆ ಹತ್ತಿರ ಒಂದು ಗ್ರಂಧಿಗೆ ಅಂಗಡಿಯಲ್ಲಿ ಕೇಳಿದೆ. ಕಂದುಬಣ್ಣದ, ಗಟ್ಟಿಯಾದ, ಮೂಗಿಗೆ ಅಡರುವ ವಾಸನೆಯ ಬೇರು ಕೊಟ್ಟರು. ಇನ್ನೊಂದು ಅಂಗಡಿಯಲ್ಲಿ "ಚಂಗಲಕೋಷ್ಠ ತಾನೆ?" ಅಂತ ಕೇಳಿ ಬಿಳಿಚಿಕೊಂಡ ನಾರುನಾರು ತುಂಡುಗಳನ್ನು ಕಟ್ಟಿಕೊಟ್ಟರು. ಅದಕ್ಕೆ ವಾಸನೆಯೇ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಕಣ್ಣಿಗಂತೂ ಒಂದೇ ಗಿಡದ್ದು ಅನ್ನಿಸುತ್ತಿಲ್ಲ. ನಮ್ಮ ಬೀದಿಯ ಒಬ್ಬರು "ಅದು ಬ್ರಹ್ಮಕಮಲದ ಜಾತಿ ಕಣ್ರೀ, ಹಿಮಾಲಯದಿಂದ ಬರೋದು" ಅಂದರು. ನಮ್ಮ ಮನೆ ಹಿತ್ತಲಲ್ಲೇ ಬ್ರಹ್ಮಕಮಲ ಇದೆ. ಅದಕ್ಕೆ ಇಂಥ ಬೇರು ಎಲ್ಲಿಂದ ಬರಬೇಕು? ತಿಳಿದವರು ಬಿಡಿಸಿ ಹೇಳಿ. ಬಾಣಂತಿಗೆ ಕೊಡುವ ವಸ್ತು, ಅಂದಾಜಿನ ಮೇಲೆ ಕೊಡಲು ಮನಸ್ಸು ಒಪ್ಪುವುದಿಲ್ಲ.

ಹಸಿರೆಲೆ ಮೇಷ್ಟ್ರು (ಕುವೆಂಪುನಗರ)

ಮೇಡಂ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಬೀದಿಯವರು ಹೇಳಿದ್ದು ಸರಿ. ಆದರೆ ಅವರು ಹೇಳಿದ ಬ್ರಹ್ಮಕಮಲ ನಿಮ್ಮ ಹಿತ್ತಲಿನದಲ್ಲ.

ಸಾಸ್ಸೂರಿಯಾ ಎಂಬ ಒಂದು ಕುಲ ಇದೆ. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬ. ಅದರೊಳಗೆ ನಮ್ಮ ಕುಸುಬೆ ಸೇರುವ ಪಂಗಡ. ಕುಸುಬೆಯ ಹೂ ನೋಡಿದ್ದರೆ ಅಂದಾಜಾಗುತ್ತದೆ: ಬುಡದಲ್ಲಿ ಎಸಳಿನಂಥ ಹಸಿರು ತೊಟ್ಟೆಲೆಗಳ ಸುತ್ತು, ಮೇಲೆ ಕುಚ್ಚಿನ ಹಾಗೆ ಎದ್ದ ಸಣ್ಣಸಣ್ಣ ಹೂಗಳು. ಹೊಲದ ಬದುಗಳಲ್ಲಿ ಉಂಡೆಯಾಗಿ ಹೂಬಿಡುವ ಮುಳ್ಳಿನ ಬ್ರಹ್ಮದಂಡಿಯೂ ಇದೇ ಪಂಗಡದ್ದು. ಸಾಸ್ಸೂರಿಯಾಗಳಿಗೆ ಸಾಮಾನ್ಯವಾಗಿ ಆ ಚುಚ್ಚುವ ಮುಳ್ಳು ಇರುವುದಿಲ್ಲ, ಹೂವಿನ ಕಟ್ಟು ಮಾತ್ರ ಅದೇ. ಬೀಜಕ್ಕೆ ಗರಿಯಂಥ ಕೂದಲು, ಗಾಳಿಗೆ ಹಾರಿಹೋಗುತ್ತದೆ. 300ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಏಷ್ಯಾದ ಚಳಿನಾಡುಗಳಲ್ಲಿ, ಅದರಲ್ಲೂ ಹಿಮಾಲಯ, ಟಿಬೆಟ್, ಪಶ್ಚಿಮ ಚೀನಾದ ಬೆಟ್ಟಗಳಲ್ಲಿ.

ಈ ಕುಲದಲ್ಲಿ ನಮಗೆ ಬೇಕಾದವು ಎರಡು. ಒಂದು, ಸಾಸ್ಸೂರಿಯಾ ಕಾಸ್ಟಸ್. ಹಳೆಯ ಪುಸ್ತಕಗಳಲ್ಲಿ ಸಾಸ್ಸೂರಿಯಾ ಲಪ್ಪ ಅಂತಿರುತ್ತದೆ. ಸಂಸ್ಕೃತದ ಕುಷ್ಠ, ಹಿಂದಿಯ ಕುಠ್, ನಮ್ಮ ಕೋಷ್ಠ ಇದೇ. ಇನ್ನೊಂದು, ಸಾಸ್ಸೂರಿಯಾ ಆಬ್‌ವಲ್ಲಾಟ. ಅದೇ ಉತ್ತರಾಖಂಡದ ಬ್ರಹ್ಮಕಮಲ, ಆ ರಾಜ್ಯದ ರಾಜ್ಯಪುಷ್ಪ. 1982ರಲ್ಲಿ ಅಂಚೆ ಇಲಾಖೆ ಹಿಮಾಲಯದ ಹೂಗಳ ಚೀಟಿ ತಂದಾಗ ಅದರಲ್ಲಿ ಈ ಹೂವೂ ಇತ್ತು. ನನ್ನ ಸಂಗ್ರಹದಲ್ಲಿದೆ.

ನಿಮ್ಮ ಹಿತ್ತಲಿನದು ಎಪಿಫಿಲ್ಲಮ್. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನ ಕಳ್ಳಿ. ನಾವು ಎಲೆ ಅಂದುಕೊಳ್ಳುವುದು ಅದರ ಚಪ್ಪಟೆಯಾದ ಕಾಂಡ. ಅದಕ್ಕೇ ಕಾಂಡದ ಅಂಚಿನಿಂದ ಮೊಗ್ಗು ಹೊರಡುತ್ತದೆ, ತುಂಡು ಮಾಡಿ ನೆಟ್ಟರೆ ಚಿಗುರುತ್ತದೆ. ರಾತ್ರಿ ಅರಳಿ ಬೆಳಗಿನ ಹೊತ್ತಿಗೆ ಬಾಡುವ ಹೂ. ಎರಡಕ್ಕೂ ಬಾದರಾಯಣ ಸಂಬಂಧವೂ ಇಲ್ಲ.

ವೀಣಾಪ್ರಿಯೆ (ಜಯಲಕ್ಷ್ಮೀಪುರಂ)

ಮೇಷ್ಟ್ರೇ, ಒಂದು ಮಾತು. ಹಿತ್ತಲಿನ ಹೂವನ್ನು ಎಲ್ಲರೂ "ನಕಲಿ ಬ್ರಹ್ಮಕಮಲ" ಅನ್ನುತ್ತಾರೆ, ನನಗೆ ಸಂಕಟವಾಗುತ್ತದೆ. ನೀವು ಹಾಗೆ ಹೇಳಲಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಮೊಗ್ಗು ಬಾಗಿ ಮೇಲೆದ್ದ ಸಂಜೆ "ಇವತ್ತು ಅರಳುತ್ತೆ, ಬನ್ನಿ" ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕಳಿಸುತ್ತೇವೆ. ಮಕ್ಕಳು ನಿದ್ದೆ ತಡೆದುಕೊಂಡು ಕೂರುತ್ತಾರೆ. ಆರತಿ ಎತ್ತಿ, ಹಾಲು ಕುಡಿದು ಹೋಗುತ್ತಾರೆ. ಆ ಹೂವು ಎಲ್ಲಿಂದ ಬಂದಿದ್ದರೇನು, ಅದರ ಬೆಲೆ ಅದಕ್ಕೆ.

ಹಸಿರೆಲೆ ಮೇಷ್ಟ್ರು

ಖಂಡಿತ ತಾಯಿ. ನಮ್ಮ ಮನೆಯಲ್ಲೂ ಇದೆ, ನಾವೂ ಆರತಿ ಎತ್ತುತ್ತೇವೆ. ಇನ್ನೊಂದು ದೃಷ್ಟಿಯಿಂದ ಅದು ಉಪಕಾರವೇ. ಮನೆಯಲ್ಲಿ ಬೆಳೆದ ಹೂವಿನಿಂದ ತೃಪ್ತಿಯಾದರೆ ಬೆಟ್ಟದ ಹೂವನ್ನು ಯಾರೂ ಕೀಳಬೇಕಾಗಿಲ್ಲ.

ಮೂರು ತಲೆಮಾರಿನ ಗ್ರಂಧಿಗೆ (ಮೈಸೂರು)

ಅಮ್ಮ, ನಿಮ್ಮ ಎರಡು ಬೇರಿನ ವಿಷಯಕ್ಕೆ ಬರುತ್ತೇನೆ. ನಮ್ಮ ತಾತನ ಕಾಲದಿಂದ ಇದೇ ವ್ಯಾಪಾರ.

ವಾಸನೆ ಬರುವುದು ಹಿಮಾಲಯದ ಕೋಷ್ಠ. ವಾಸನೆ ಇಲ್ಲದ ನಾರಿನ ತುಂಡು ನಮ್ಮ ಮಲೆನಾಡು, ಕೊಡಗಿನ ಕಡೆ ಬೆಳೆಯುವ ಗಿಡದ ಗೆಡ್ಡೆ. ಅದಕ್ಕೂ ಚಂಗಲಕೋಷ್ಠ ಅಂತಲೇ ಕರೆಯುತ್ತಾರೆ. ಕೆಂಪು ತೊಟ್ಟೆಲೆಗಳ ನಡುವಿನಿಂದ ಬಿಳಿ ಹೂ ಬಿಡುತ್ತದಲ್ಲ, ಎಲೆಗಳು ಕಾಂಡವನ್ನು ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತವೆ, ಆ ಗಿಡ. ಶುಂಠಿಯ ದೂರದ ಬಂಧು. ಈಗ ಮನೆಮನೆಯಲ್ಲಿ ಇಟ್ಟಿರುವ ಇನ್ಸುಲಿನ್ ಗಿಡ ಇದರ ಹತ್ತಿರದ ನೆಂಟ. ಪಟ್ಟಿಯಲ್ಲಿ ಏನು ಬರೆದಿದೆಯೋ ಅದನ್ನು ಅಂಗಡಿಯವನು ಯಾವುದೆಂದು ತಿಳಿದುಕೊಳ್ಳುತ್ತಾನೋ ಅದರ ಮೇಲೆ ನಿಮಗೆ ಸಿಗುವ ಬೇರು.

ನೋಡಿ ತಿಳಿಯುವುದು ಹೀಗೆ. ಹಿಮಾಲಯದ್ದು ಬೇರು. ಮೇಲೆ ದಪ್ಪ, ಕೆಳಗೆ ಚೂಪು, ಮೂಲಂಗಿಯ ಆಕಾರ. ಬೂದುಗಂದು ಬಣ್ಣ, ಉದ್ದಕ್ಕೆ ಸುಕ್ಕು. ಮುರಿದರೆ ಲಟಕ್ಕನೆ ಮುರಿಯುತ್ತದೆ, ನಾರು ಎಳೆಯುವುದಿಲ್ಲ. ಅಡ್ಡ ಕತ್ತರಿಸಿದರೆ ನಡುವಿನಿಂದ ಅಂಚಿಗೆ ಗೆರೆಗಳು ಹೊರಟಿರುತ್ತವೆ. ಬಾಯಲ್ಲಿ ಕಹಿ, ಆಮೇಲೆ ಖಾರ. ಇನ್ನೊಂದು ಗೆಡ್ಡೆ. ಗಿಣ್ಣುಗಿಣ್ಣಾಗಿ ಉಂಗುರದ ಗುರುತು ಇರುತ್ತದೆ, ಮುರಿದರೆ ನಾರು ಜೋತಾಡುತ್ತದೆ.

ಮೂರನೆಯದೂ ಒಂದಿದೆ. ಪುಷ್ಕರಮೂಲ. ಅದೂ ಹಿಮಾಲಯದ ಬೇರೇ, ಅದೂ ಸೇವಂತಿಗೆ ಕುಟುಂಬವೇ, ನೋಡಲು ಕೋಷ್ಠದ ಹಾಗೇ. ಕೋಷ್ಠಕ್ಕೆ ಬೆರಕೆ ಆಗುವುದು ಹೆಚ್ಚಾಗಿ ಇದೇ. ಅದರಲ್ಲಿ ಕರ್ಪೂರದ ಸೆಳಕು ಇರುತ್ತದೆ. ಕೋಷ್ಠದ ವಾಸನೆ ಬೇರೆ, ಎಣ್ಣೆ ಹಚ್ಚಿದ ಹಳೆಯ ಕೂದಲಿನ ಹಾಗೆ, ಸ್ವಲ್ಪ ಮಣ್ಣು ಬೆರೆತ ಹಾಗೆ. ಒಮ್ಮೆ ಮೂಗಿಗೆ ಹಿಡಿದರೆ ಮರೆಯುವುದಿಲ್ಲ.

ಪಾಂಡವಪುರ ನಾಲೆ ಬಯಲು

ಅಣ್ಣಾವ್ರೇ, ಅಕ್ಕಾವ್ರೇ, ಮಧ್ಯಕ್ಕೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಕುಠ್ ಅನ್ನೋ ಹೆಸರು ಕಂಡು ನಿಂತ್ಕೊಂಡೆ. ನಮ್ಮೂರಿಗೆ ಒಬ್ರು ಬಂದು ಇದೇ ಬೇರಿನ ವಿಷ್ಯ ಹೇಳ್ತಾವ್ರೆ. "ಕಬ್ಬು ಬುಡಿ, ಕುಠ್ ಹಾಕಿ. ಸಸಿ ನಾವೇ ಕೊಡ್ತೀವಿ, ಬೇರು ನಾವೇ ಕೊಳ್ತೀವಿ, ಎಕರೆಗೆ ಲಕ್ಷಗಟ್ಲೆ" ಅಂತ. ಮುಂಗಡ ಕಟ್ಟಬೇಕಂತೆ. ಇಬ್ರು ಆಗ್ಲೇ ಕಟ್ಟೋಕೆ ತಯಾರಾಗವ್ರೆ. ನಮ್ದು ವಿ.ಸಿ. ನಾಲೆ ನೀರಿನ ಗದ್ದೆ. ಬರ್ತದಾ ಇದು ನಮ್ಮ ಕಡೆ? ಮೇಷ್ಟ್ರು ದಯವಿಟ್ಟು ಹೇಳ್ಬೇಕು.

ಹಸಿರೆಲೆ ಮೇಷ್ಟ್ರು

ಅಪ್ಪಾ, ಮುಂಗಡ ಕಟ್ಟಬೇಡಿ. ಆ ಇಬ್ಬರಿಗೂ ಇವತ್ತೇ ಹೇಳಿ.

ಕೋಷ್ಠ ಬೆಳೆಯುವುದು ಸುಮಾರು 2,500 ಮೀಟರಿಗಿಂತ ಮೇಲೆ. ಕಾಶ್ಮೀರದ ಕಿಶನ್‌ಗಂಗಾ ಕಣಿವೆ, ಚೆನಾಬ್‌ನ ಮೇಲ್ದಂಡೆ ಅದರ ತವರು. ಚಳಿಗಾಲದಲ್ಲಿ ಹಿಮ ಮುಚ್ಚಿಕೊಳ್ಳುತ್ತದೆ, ನೆಲದ ಮೇಲಿನದೆಲ್ಲ ಸತ್ತು ಬೇರು ಮಾತ್ರ ಉಳಿಯುತ್ತದೆ, ಹಿಮ ಕರಗಿದ ಮೇಲೆ ಮತ್ತೆ ಚಿಗುರುತ್ತದೆ. ಆಳೆತ್ತರ ಬೆಳೆಯುವ ಗಿಡ, ಕಡುನೇರಳೆ ಹೂ. ಬೇರು ಬಲಿಯಲು ಎರಡು ಮೂರು ವರ್ಷ ಬೇಕು. ಪಾಂಡವಪುರ ಇರುವುದು 700 ಮೀಟರಿನ ಆಸುಪಾಸಿನಲ್ಲಿ. ಹಿಮ ಎಲ್ಲಿಂದ ತರುತ್ತೀರಿ? ಮೇಲಾಗಿ ನಾಲೆ ಬಯಲಿನ ನೀರು ನಿಲ್ಲುವ ಮಣ್ಣಿನಲ್ಲಿ ಇಂಥ ಬೇರು ಕೊಳೆತುಹೋಗುತ್ತದೆ.

ಬೇಸಾಯ ಆಗುವುದೇ ಇಲ್ಲ ಅಂತಲ್ಲ. ಹಿಮಾಚಲದ ಲಾಹೌಲ್‌ನಲ್ಲಿ 1920ರ ದಶಕದಿಂದ ಬೆಳೆದಿದ್ದಾರೆ. ಒಂದು ಕಾಲಕ್ಕೆ ಅಲ್ಲಿಯ ರೈತರಿಗೆ ಕೈತುಂಬ ಕಾಸು ಕೊಟ್ಟ ಬೆಳೆ. ಆಮೇಲೆ ಬೀಜದ ಆಲೂಗಡ್ಡೆ, ಬಟಾಣಿ ಬಂದು ಕುಠ್ ಹಿಂದಕ್ಕೆ ಸರಿಯಿತು. ಉತ್ತರಾಖಂಡದ ಎತ್ತರದ ಊರುಗಳಲ್ಲೂ, ಚೀನಾದ ಯುನಾನ್‌ನಲ್ಲೂ ಬೆಳೆಯುತ್ತಾರೆ. ಎಲ್ಲವೂ ಬೆಟ್ಟದ ಸೀಮೆಗಳೇ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿ ಬಂದಾಗ ಕೆಲವೇ ಕೆಲವು ಗಿಡಗಳನ್ನು ಸೇರಿಸಿದರು. ಹೂಜಿಗಿಡ, ನೀಲಿ ವಾಂಡ ಆರ್ಕಿಡ್ ಜೊತೆಗೆ ಕುಠ್ ಕೂಡ. ಕಾಡಿನಿಂದ ಕೀಳುವಂತಿಲ್ಲ. ಬೆಳೆಯಲಿಕ್ಕೂ ಪರವಾನಗಿ ಬೇಕು, ವ್ಯಾಪಾರಕ್ಕೂ ಪರವಾನಗಿ ಬೇಕು. ನಿಮ್ಮೂರಿಗೆ ಬಂದವರನ್ನು ಒಂದೇ ಒಂದು ಕೇಳಿ: "ಸ್ವಾಮಿ, ಅರಣ್ಯ ಇಲಾಖೆ ಕೊಟ್ಟ ಪರವಾನಗಿ ಪತ್ರ ತೋರಿಸಿ." ತೋರಿಸದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಸಾಧ್ಯವಾದರೆ ಮಂಡ್ಯದ ವಿ.ಸಿ. ಫಾರಂಗೆ ಹೋಗಿ ಅಲ್ಲಿಯ ಕೃಷಿ ವಿಜ್ಞಾನಿಗಳನ್ನೂ ಕೇಳಿಕೊಂಡು ಬನ್ನಿ.

ಪಾಂಡವಪುರ ನಾಲೆ ಬಯಲು

ಆಯ್ತು ಮೇಷ್ಟ್ರೇ. ಪರವಾನಗಿ ಕೇಳ್ತೀನಿ. ಆ ಇಬ್ರ ಮನೆಗೂ ಈಗ್ಲೇ ಹೊಂಟೆ.

ವೈದ್ಯೆ (ಮಂಡ್ಯ)

ನಾನು ಆಯುರ್ವೇದ ಓದಿ ಮಂಡ್ಯದಲ್ಲಿ ಚಿಕಿತ್ಸಾಲಯ ನಡೆಸುತ್ತಿರುವವಳು. ತೊಟ್ಟಿಮನೆ ಅಮ್ಮನವರಿಗೆ ಉತ್ತರ.

ಶಾಸ್ತ್ರದಲ್ಲಿ ಹೇಳುವ ಕುಷ್ಠ ಹಿಮಾಲಯದ ಬೇರೇ. ಅಥರ್ವವೇದದಲ್ಲಿ ಜ್ವರ ಕಳೆಯುವ ಗಿಡವೆಂದು ಇದನ್ನು ಕೊಂಡಾಡಿದ್ದಾರೆ, ಹಿಮವಂತನ ಬೆಟ್ಟದಲ್ಲಿ ಹುಟ್ಟಿದ್ದು ಅಂತಲೇ ಹೇಳಿದ್ದಾರೆ. ರಸ ಕಹಿ, ಖಾರ. ಉಷ್ಣವೀರ್ಯ. ವಾತ, ಕಫ, ಕೆಮ್ಮು, ದಮ್ಮು, ಚರ್ಮದ ತೊಂದರೆಗಳಿಗೆ ಬಳಕೆ. ನೀವೆಲ್ಲ ಮಂಡಿನೋವಿಗೆ ಹಚ್ಚುವ ಕೊಟ್ಟಂಚುಕ್ಕಾದಿ ತೈಲ ಗೊತ್ತಲ್ಲ, ಅದರ ಹೆಸರಿನಲ್ಲಿ ಮೊದಲು ಬರುವ ಕೊಟ್ಟಂ ಇದೇ ಕೋಷ್ಠ, ಚುಕ್ಕು ಅಂದರೆ ಒಣಶುಂಠಿ. ಯುನಾನಿಯವರೂ ಕುಸ್ತ್ ಅಂತ ಬಳಸುತ್ತಾರೆ, ಟಿಬೆಟ್ ಮತ್ತು ಚೀನಾದ ವೈದ್ಯದಲ್ಲೂ ಇದೆ. ಹೊಟ್ಟೆಯುಬ್ಬರ, ಹೊಟ್ಟೆನೋವಿಗೆ ಚೀನೀಯರು ಕೊಡುತ್ತಾರೆ.

ಆದರೆ ಅಮ್ಮ, ಬಾಣಂತಿಗೆ ನೀವೇ ಅಳತೆ ಹಾಕಿ ಕೊಡಬೇಡಿ. ಹಾಲುಣಿಸುವ ತಾಯಿ, ಎಳೆ ಮಗು. ಮಗಳ ಮೈಯನ್ನು ನೋಡಿದ ವೈದ್ಯರು ಕೊಡಿ ಅಂದರೆ ಮಾತ್ರ. ಪಟ್ಟಿಯಲ್ಲಿ ಮಿಕ್ಕಿದ್ದೆಲ್ಲ ಇದ್ದು ಕೋಷ್ಠ ಒಂದಿಲ್ಲದಿದ್ದರೆ ಆ ಪುಡಿ ಕೆಡುವುದಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಈ ಬೇರಿನ ಎಣ್ಣೆಯಲ್ಲಿ ಕಾಸ್ಟುನೊಲೈಡ್, ಡಿಹೈಡ್ರೊಕಾಸ್ಟಸ್ ಲ್ಯಾಕ್ಟೋನ್ ಎಂಬ ಅಂಶಗಳಿವೆ. ಅದರ ಔಷಧದ ಗುಣಕ್ಕೆ ಮುಖ್ಯ ಕಾರಣ ಇವೇ ಅಂತ ಸಂಶೋಧಕರು ನೋಡುತ್ತಿದ್ದಾರೆ. ಚರ್ಮಕ್ಕೆ ಅಲರ್ಜಿ ಎಬ್ಬಿಸುವುದೂ ಇವೇ. ನಮ್ಮ ಕಡೆ ಕಾಂಗ್ರೆಸ್ ಗಿಡದಿಂದ ಮೈಕೈ ತುರಿಕೆ, ಮುಖ ಕಪ್ಪಾಗಿ ದಪ್ಪಗಾಗುವುದು ಎಷ್ಟು ಸಾಮಾನ್ಯ ನೋಡಿ. ಆ ಗಿಡದಲ್ಲಿರುವುದೂ ಇದೇ ಗುಂಪಿನ ರಾಸಾಯನಿಕ. ಚರ್ಮವೈದ್ಯರು ಇಂಥ ಅಲರ್ಜಿ ಪತ್ತೆಗೆ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡುತ್ತಾರಲ್ಲ, ಅದರ ಒಂದು ಮಿಶ್ರಣದಲ್ಲಿ ಈ ಎರಡು ಅಂಶಗಳನ್ನೂ ಬಳಸುತ್ತಾರೆ. ಕಾಂಗ್ರೆಸ್ ಗಿಡ ಆಗದವರು ಕೋಷ್ಠದ ಪುಡಿಯನ್ನಾಗಲಿ, ಅದು ಹಾಕಿದ ಎಣ್ಣೆಯನ್ನಾಗಲಿ ಮೈಗೆ ಹಚ್ಚುವ ಮೊದಲು ವೈದ್ಯರನ್ನು ಕೇಳಲೇಬೇಕು. ನನ್ನಲ್ಲಿಗೆ ಬರುವ ರೈತ ಹೆಂಗಸರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಇದು.

ಬೇರು ಅದಲುಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಚೀನಾದ ಉದಾಹರಣೆ ಇದೆ. ಅಲ್ಲಿ ಕೋಷ್ಠಕ್ಕೆ ಮು ಶಿಯಾಂಗ್ ಅನ್ನುತ್ತಾರೆ. ನಮ್ಮ ಈಶ್ವರಿ ಬಳ್ಳಿಯ ಜಾತಿಯ ಇನ್ನೊಂದು ಬೇರಿಗೂ ಅದೇ ಹೆಸರಿನ ಬಾಲ ಇದೆ. ಆ ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಹಾಗಾಗಿ ತೊಟ್ಟಿಮನೆ ಅಮ್ಮ ಎರಡು ಬೇರು ಮುಂದಿಟ್ಟುಕೊಂಡು ಕೇಳಿದ್ದು ಬಹಳ ಒಳ್ಳೆಯದಾಯಿತು.

ಮಂಡಿಮೊಹಲ್ಲಾ ಊದುಬತ್ತಿ

ನಮ್ಮದು ಊದುಬತ್ತಿ ಕೆಲಸ. ಮನೆ ತುಂಬ ಹೆಂಗಸರು ಮಣೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಕಾಲ ನೋಡಿದವನು. ಈಗ ಯಂತ್ರ ಬಂದಿದೆ, ಆದರೂ ಮಸಾಲೆ ಬತ್ತಿಯನ್ನು ಕೈಯಲ್ಲೇ ಹೊಸೆಸುತ್ತೇವೆ.

ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಹಳೆಯ ಮಸಾಲೆ ಬತ್ತಿಯಲ್ಲಿ ಇದ್ದಿಲ ಪುಡಿ, ಜಿಗಟು, ಹಾಲುಮಡ್ಡಿ, ಶ್ರೀಗಂಧದ ಪುಡಿ ಇವುಗಳ ಜೊತೆಗೆ ಬೇರುಗಳ ಪುಡಿ ಸೇರುತ್ತಿತ್ತು: ಜಟಾಮಾಂಸಿ, ಲಾವಂಚ, ಕಚೋರ, ಕೋಷ್ಠ. ಕೋಷ್ಠದ ಕೆಲಸ ಮುಂದೆ ನಿಂತು ಘಮಘಮಿಸುವುದಲ್ಲ. ಬೇರೆ ಪರಿಮಳ ಬೇಗ ಹಾರಿಹೋಗದಂತೆ ಕೆಳಗಿನಿಂದ ಹಿಡಿದುಕೊಳ್ಳುವುದು. ಬತ್ತಿ ಉರಿದು ಎಷ್ಟೋ ಹೊತ್ತಾದ ಮೇಲೆ ಕೋಣೆಯಲ್ಲಿ ಉಳಿಯುತ್ತದಲ್ಲ ಒಂದು ಗಾಢವಾದ ವಾಸನೆ, ಅದರಲ್ಲಿ ಇದರ ಪಾಲು ಇರುತ್ತದೆ.

ಈ ಬೇರಿನ ವ್ಯಾಪಾರ ಬಹಳ ಹಳೆಯದು. ಸುಮಾರು 2,000 ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ಸಮುದ್ರಯಾನದ ಕೈಪಿಡಿ ಪೆರಿಪ್ಲಸ್‌ನಲ್ಲಿ, ಸಿಂಧೂ ನದಿಯ ಬಾಯಿಯ ಬಂದರಿನಿಂದಲೂ ಭರೂಚ್‌ನಿಂದಲೂ ಕಾಸ್ಟಸ್ ಹಡಗು ಹತ್ತುತ್ತಿತ್ತು ಅಂತಿದೆ. ರೋಮಿನವರು ಧೂಪಕ್ಕೆ, ಮುಲಾಮಿಗೆ ಬಳಸಿದರು. ಆಮೇಲಿನ ಕಾಲದಲ್ಲಿ ಚೀನಾದ ದೇವಾಲಯಗಳ ಧೂಪಕ್ಕೆ ಕಾಶ್ಮೀರದಿಂದ ಮೂಟೆಗಟ್ಟಲೆ ಹೋಗುತ್ತಿತ್ತು, ಕಾಶ್ಮೀರದ ಅರಸರು ಅದನ್ನು ರಾಜ್ಯದ ಸೊತ್ತಾಗಿ ಇಟ್ಟುಕೊಂಡಿದ್ದರು. ಅಲ್ಲಿಯ ಶಾಲುಗಳಿಗೆ ನುಸಿ ಹತ್ತದಂತೆ ಮಡಿಕೆಗಳ ನಡುವೆ ಇದರ ತುಂಡು ಇಡುತ್ತಿದ್ದರು.

ವೈದ್ಯೆ ಮೇಡಂ ಅಲರ್ಜಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಇಫ್ರಾ ಎಂಬ ಅಂತರರಾಷ್ಟ್ರೀಯ ಸುಗಂಧ ಸಂಸ್ಥೆ ಕೋಷ್ಠದ ಬೇರಿನ ಎಣ್ಣೆಯನ್ನು ಸುಗಂಧ ದ್ರವ್ಯಗಳಲ್ಲಿ ನಿಷೇಧಿಸಿದೆ. ಮೈಗೆ ತಾಗುವ ಅತ್ತರು, ಸೋಪುಗಳಲ್ಲಿ ಈಗ ಅದರ ಬದಲಿಗೆ ಕೂಡಿಸಿ ಮಾಡಿದ ಪರಿಮಳ ಹಾಕುತ್ತಾರೆ. ನಾವೂ ಬಹುಪಾಲು ಬತ್ತಿಗಳಲ್ಲಿ ಕೋಷ್ಠ ಬಿಟ್ಟಿದ್ದೇವೆ. ಬೆಲೆಯೂ ಕಾರಣ, ಬಿಲ್ಲಿಲ್ಲದ ಮಾಲು ಕೊಳ್ಳಬಾರದು ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಹಿಮದ ಹಾದಿ (ವಿಜಯನಗರ, ಮೈಸೂರು)

ನಾನು ಉತ್ತರಾಖಂಡದ ಹೂಕಣಿವೆಗೂ ಹೇಮಕುಂಡಕ್ಕೂ ಹೋಗಿ ಬಂದಿದ್ದೇನೆ. ಬೆಟ್ಟದ ಬ್ರಹ್ಮಕಮಲ ನೋಡಿದ್ದು ಹೇಮಕುಂಡದ ಸರೋವರಕ್ಕೆ ಸ್ವಲ್ಪ ಕೆಳಗೆ, ಸುಮಾರು 4,000 ಮೀಟರಿನ ಮೇಲೆ. ಬಂಡೆಗಳ ಸಂದು, ಮಂಜು, ಜಿಟಿಜಿಟಿ ಮಳೆ.

ದೂರದಿಂದ ನೋಡಿದರೆ ಹಳದಿಹಸಿರು ಕಾಗದವನ್ನು ದೋಣಿಯ ಹಾಗೆ ಮಡಿಸಿ ಇಟ್ಟಂತಿತ್ತು. ನಾನು ಅದನ್ನೇ ಹೂವೆಂದುಕೊಂಡಿದ್ದೆ. ನಮ್ಮ ಜೊತೆ ಬಂದಿದ್ದ ಅಲ್ಲಿಯ ಹಿರಿಯರು ಮುಟ್ಟದೆ ಬಾಗಿ ನೋಡು ಅಂದರು. ಆ ತೆಳು ಪೊರೆಗಳ ಒಳಗೆ ಕಡುನೇರಳೆ ಬಣ್ಣದ ಪುಟ್ಟ ಹೂಗೊಂಚಲುಗಳು ಮುದುಡಿ ಕುಳಿತಿದ್ದವು. ನಿಜವಾದ ಹೂಗಳು ಅವು. ಹೊರಗಿನ ಪೊರೆ ಮಳೆಯನ್ನು ತಡೆಯುತ್ತದೆ, ಬೆಳಕನ್ನು ಬಿಡುತ್ತದೆ, ಒಳಗೆ ಬಿಸುಪು ಉಳಿಸುತ್ತದೆ. ಅಷ್ಟು ಎತ್ತರದ ಚಳಿಯಲ್ಲಿ ಹೂವು ಬೀಜ ಕಟ್ಟಬೇಕಾದರೆ ಬೇರೆ ದಾರಿಯಿಲ್ಲ.

ನನಗೆ ನೋವಾಗಿದ್ದು ದಾರಿಯಲ್ಲಿ. ಕಿತ್ತ ಹೂಗಳನ್ನು ಯಾತ್ರಿಕರಿಗೆ ಮಾರುತ್ತಿದ್ದರು. ಜನ ಪ್ರಸಾದವೆಂದು ಚೀಲದಲ್ಲಿ ತುಂಬಿಕೊಳ್ಳುತ್ತಿದ್ದರು. ಬೀಜ ಕಟ್ಟುವ ಮೊದಲೇ ಕಿತ್ತರೆ ಮುಂದಿನ ಗಿಡ ಎಲ್ಲಿಂದ ಬರಬೇಕು? ಯಾತ್ರೆಗೆ ಹೋಗುವ ಮೈಸೂರಿನವರಿಗೆ ನಾನು ಕೈಮುಗಿದು ಕೇಳುತ್ತೇನೆ, ದಯವಿಟ್ಟು ಆ ಹೂ ಕೊಳ್ಳಬೇಡಿ.

ಶ್ರೀರಂಗಪಟ್ಟಣದ ಅರ್ಚಕರು

ತಂಗಿ, ನಿನ್ನ ನೋವು ಅರ್ಥವಾಯಿತು. ಆದರೆ ಕೇದಾರ, ಬದರಿಯಲ್ಲಿ ಆ ಹೂವನ್ನು ದೇವರಿಗೆ ಏರಿಸುವುದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಅದನ್ನು ನಿಲ್ಲಿಸಿ ಎಂದು ನಾವು ಇಲ್ಲಿ ಕೂತು ಹೇಳುವುದು ಹೇಗೆ? ನಮ್ಮಲ್ಲೂ ಹಾಗೇ. ಕಲಶಕ್ಕೆ ಹಾಕುವ ಸರ್ವೌಷಧಿಯಲ್ಲಿ ಮುರಾ, ಜಟಾಮಾಂಸಿ, ಬಜೆ, ಕೋಷ್ಠ ಎಂದು ಹೆಸರು ಹಿಡಿದು ಹೇಳಿದೆ. ವಿಷ್ಣುವಿನ ಗಂಧಾಷ್ಟಕದಲ್ಲೂ ಕೋಷ್ಠ ಬರುತ್ತದೆ. ಶಾಸ್ತ್ರದಲ್ಲಿ ಇದ್ದುದನ್ನು ಬಿಡಲಾಗದು.

ಹಿಮದ ಹಾದಿ

ಸ್ವಾಮಿಗಳೇ, ನಿಮ್ಮ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ. ಅಲ್ಲಿಯ ಹಳ್ಳಿಯವರ ಪದ್ಧತಿಯಲ್ಲೇ ಇದಕ್ಕೆ ಉತ್ತರ ಇದೆ. ಭಾದ್ರಪದದ ನಂದಾಷ್ಟಮಿಗೆ ಮೊದಲು ಬ್ರಹ್ಮಕಮಲ ಕೀಳಬಾರದು ಎನ್ನುವುದು ಅವರ ಕಟ್ಟಳೆ. ಹಬ್ಬದ ಹೊತ್ತಿಗೆ ಮಡಿಯಲ್ಲಿ, ಬರಿಗಾಲಲ್ಲಿ ಹೋಗಿ ನಂದಾದೇವಿಗೆ ಬೇಕಾದಷ್ಟು ತರುತ್ತಾರೆ. ಅಷ್ಟರೊಳಗೆ ಬಹಳಷ್ಟು ಹೂ ಬಲಿತಿರುತ್ತವೆ. ಹೂವನ್ನು ಉಳಿಸಿದ್ದೂ ಆ ಭಕ್ತಿಯೇ. ಹಾಳುಮಾಡುತ್ತಿರುವುದು ಜುಲೈನಿಂದಲೇ ಕಿತ್ತು ಮಾರುವ ವ್ಯಾಪಾರ, ಅದಕ್ಕೆ ಹಣ ಕೊಡುವ ನಾವು.

ಶ್ರೀರಂಗಪಟ್ಟಣದ ಅರ್ಚಕರು

ನಂದಾಷ್ಟಮಿಯ ಕಟ್ಟಳೆ ಗೊತ್ತಿರಲಿಲ್ಲ. ಒಪ್ಪುವ ಮಾತು. ದೇವರಿಗೆ ಅರ್ಪಿಸುವುದಕ್ಕೂ ಕಾಲ, ನಿಯಮ ಇರಲೇಬೇಕು. ಕೋಷ್ಠದ ವಿಷಯದಲ್ಲೂ ಹೇಳುತ್ತೇನೆ, ಸರ್ವೌಷಧಿಗೆ ಬೇಕಾಗುವುದು ಚಿಟಿಕೆಯಷ್ಟು. ದ್ರವ್ಯ ಸಿಗದಿದ್ದರೆ ಅಕ್ಷತೆ ಹಾಕಿ ಮನಸ್ಸಿನಲ್ಲಿ ಸಂಕಲ್ಪಿಸುವ ದಾರಿ ಇದ್ದೇ ಇದೆ. ಕದ್ದು ತಂದ ಬೇರಿನಿಂದ ಕಲಶ ತುಂಬುವುದು ಬೇಡ.

ಹಸಿರೆಲೆ ಮೇಷ್ಟ್ರು

ಕೀಳುವುದರಿಂದ ಗಿಡದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಇದೇ ಕುಲದಲ್ಲಿ ಒಂದು ಬೆರಗಿನ ಸಾಕ್ಷಿ ಇದೆ. ಟಿಬೆಟ್ ಮತ್ತು ಚೀನಾದ ಗಡಿಯ ಬೆಟ್ಟಗಳಲ್ಲಿ ಸಾಸ್ಸೂರಿಯಾ ಲ್ಯಾನಿಸೆಪ್ಸ್ ಎಂಬ ಹಿಮಕಮಲ ಬೆಳೆಯುತ್ತದೆ. ಮೈತುಂಬ ಬಿಳಿ ಉಣ್ಣೆ ಹೊದ್ದ ಗಿಡ. ನಮ್ಮ ಹಿಮಾಲಯದ ಫೇನಕಮಲವೂ ಅದೇ ಬಗೆಯದು. ಟಿಬೆಟಿನ ವೈದ್ಯದಲ್ಲಿ, ಚೀನಾದ ಔಷಧದಲ್ಲಿ ಈ ಹಿಮಕಮಲಕ್ಕೆ ಬಹಳ ಬೇಡಿಕೆ. ಈಗ ಪ್ರವಾಸಿಗರೂ ಕೊಳ್ಳುತ್ತಾರೆ. ಅದು ವರ್ಷಗಟ್ಟಲೆ ಎಲೆಯಾಗಿಯೇ ಬೆಳೆದು, ಒಂದೇ ಸಲ ಹೂಬಿಟ್ಟು, ಬೀಜ ಕೊಟ್ಟು ಸಾಯುತ್ತದೆ. ಹೂವಿದ್ದಾಗ ಕಿತ್ತರೆ ಆ ಗಿಡಕ್ಕೆ ಸಂತಾನವೇ ಇಲ್ಲ.

ಕೀಳುವವರು ದೊಡ್ಡ ಗಿಡವನ್ನೇ ಹುಡುಕಿ ಕೀಳುತ್ತಾರೆ. ಗಿಡ್ಡವು ಉಳಿದು ಬೀಜ ಬಿಡುತ್ತವೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಸಸ್ಯಸಂಗ್ರಹಾಲಯಗಳಲ್ಲಿ ನೂರು ವರ್ಷದಿಂದ ಒಣಗಿಸಿಟ್ಟ ಮಾದರಿಗಳನ್ನು ಅಳೆದು ನೋಡಿದರು. ಈ ಹಿಮಕಮಲ ಕಾಲ ಕಳೆದಂತೆ ಗಿಡ್ಡವಾಗುತ್ತ ಬಂದಿದೆ. ಯಾರೂ ಅಷ್ಟಾಗಿ ಕೀಳದ ಅದರ ನಂಟ ಪ್ರಭೇದ ಮೆಡೂಸ ಹಾಗೆ ಗಿಡ್ಡವಾಗಿಲ್ಲ. ಮನುಷ್ಯನ ಕೈ ಒಂದು ಗಿಡದ ಎತ್ತರವನ್ನೇ ಬದಲಿಸಿತು. ಇದನ್ನು ತರಗತಿಯಲ್ಲಿ ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು.

ಕೋಷ್ಠದ ಕಥೆ ಇನ್ನೂ ಕಷ್ಟದ್ದು, ಏಕೆಂದರೆ ಅಲ್ಲಿ ಜನರಿಗೆ ಬೇಕಾದದ್ದು ಗಿಡದ ಬೇರು. ಬೇರು ಅಗೆದರೆ ಗಿಡ ಮುಗಿಯಿತು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನಲ್ಲಿ ಇದನ್ನು 1975ರಲ್ಲಿ ಎರಡನೇ ಪಟ್ಟಿಗೆ, 1985ರಲ್ಲಿ ಅತಿ ಕಟ್ಟುನಿಟ್ಟಿನ ಮೊದಲನೇ ಪಟ್ಟಿಗೆ ಸೇರಿಸಿದರು. ಕಾಡಿನ ಕೋಷ್ಠವನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಳಿವಿನಂಚಿನಲ್ಲಿದೆ.

ಕುಲಕ್ಕೆ ಹೆಸರು ಹೇಗೆ ಬಂತು ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದರು, ಇಲ್ಲೇ ಹೇಳಿಬಿಡುತ್ತೇನೆ. ಜಿನೀವಾದ ತಂದೆ ಮಗ ಇಬ್ಬರ ಗೌರವಕ್ಕೆ 1810ರಲ್ಲಿ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಇಟ್ಟ ಹೆಸರು. ತಂದೆ ಹೊರೇಸ್ ಬೆನೆಡಿಕ್ಟ್ ಡಿ ಸಾಸ್ಸೂರ್ 1787ರಲ್ಲಿ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರ ಹತ್ತಿ ಅಳತೆಗಳನ್ನು ಮಾಡಿದವರು. ಗಾಳಿಯ ತೇವ ಅಳೆಯಲು ಮನುಷ್ಯರ ಕೂದಲಿನಿಂದ ಉಪಕರಣ ಕಟ್ಟಿದವರೂ ಅವರೇ. ಮಗ ನಿಕೊಲಾ ಥಿಯೋಡರ್, ಗಿಡದ ತೂಕ ಗಾಳಿಯ ಇಂಗಾಲ ಮತ್ತು ನೀರಿನಿಂದ ಕೂಡುತ್ತದೆ ಎಂದು 1804ರಲ್ಲಿ ಅಳೆದು ತೋರಿಸಿದವರು. ಬೆಟ್ಟದ ಗಿಡಗಳಿಗೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು.

ತೊಟ್ಟಿಮನೆ

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಮಗಳನ್ನು ನೋಡುವ ವೈದ್ಯರನ್ನು ಕೇಳಿದೆ, ಕೋಷ್ಠ ಬಿಡಿ ಅಂದರು. ಮಗಳಿಗೆ ಚಿಕ್ಕಂದಿನಲ್ಲಿ ಕಾಂಗ್ರೆಸ್ ಗಿಡದ ತುರಿಕೆ ಇತ್ತು, ಅದನ್ನೂ ಹೇಳಿದೆ. ಅತ್ತೆಯ ಪಟ್ಟಿಯಲ್ಲಿ ಆ ಸಾಲಿನ ಪಕ್ಕ "ವೈದ್ಯರನ್ನು ಕೇಳಿ" ಅಂತ ಬರೆದಿಟ್ಟಿದ್ದೇನೆ, ಮುಂದಿನವರಿಗೆ ತಿಳಿಯಲಿ.

ಗ್ರಂಧಿಗೆಯವರಿಗೆ ಇನ್ನೊಂದು ಪ್ರಶ್ನೆ. ಬೇರೆ ಯಾರಿಗಾದರೂ ವೈದ್ಯರು ಬರೆದುಕೊಟ್ಟು ಕೊಳ್ಳಲೇಬೇಕಾದರೆ, ಅದು ಕಾಡಿನಿಂದ ಕಿತ್ತದ್ದೋ ಬೆಳೆದದ್ದೋ ನಾವು ತಿಳಿಯುವುದು ಹೇಗೆ?

ಮೂರು ತಲೆಮಾರಿನ ಗ್ರಂಧಿಗೆ

ಅಮ್ಮ, ಬೇರು ನೋಡಿ ಅದನ್ನು ಹೇಳುವುದು ಗಿರಾಕಿಗೆ ಆಗದ ಕೆಲಸ. ಕಾಗದ ನೋಡಬೇಕು. ನಾವು ಬೆಳೆದ ಮಾಲು ಮಾತ್ರ ತರಿಸುತ್ತೇವೆ, ಸಾಗಣೆಯ ರಹದಾರಿ ಮತ್ತು ಬಿಲ್ಲು ಅಂಗಡಿಯಲ್ಲಿ ಇಟ್ಟಿರುತ್ತೇವೆ. ಕೇಳಿದವರಿಗೆ ತೋರಿಸುತ್ತೇವೆ. ಆದರೆ ಕೇಳುವವರೇ ಇಲ್ಲ. ಎಲ್ಲರೂ ಕೇಳುವುದು ಬೆಲೆ. ನೀವು ಹೋದ ಅಂಗಡಿಯಲ್ಲಿ "ಎಲ್ಲಿಯ ಮಾಲು, ಬೆಳೆದದ್ದಾ?" ಅಂತ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವನು ತನಗೆ ಕೊಡುವವನನ್ನು ಕೇಳುತ್ತಾನೆ. ಮನೆಯಲ್ಲಿ ಮಾಡುವುದಕ್ಕಿಂತ, ಪರವಾನಗಿ ಇರುವ ಔಷಧಾಲಯಗಳ ಸಿದ್ಧ ಔಷಧ ಕೊಳ್ಳುವುದೂ ಒಂದು ದಾರಿ. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಇದನ್ನು ಹೇಳುತ್ತೇನೆ.

ಪಾಂಡವಪುರ ನಾಲೆ ಬಯಲು

ಮೇಷ್ಟ್ರೇ, ಆ ಮನುಷ್ಯ ಮತ್ತೆ ಬಂದಿದ್ರು. ಪರವಾನಗಿ ತೋರ್ಸಿ ಅಂದೆ. "ಅದೆಲ್ಲ ಆಫೀಸಲ್ಲದೆ" ಅಂದ್ರು. ಆಫೀಸು ಎಲ್ಲಿ ಅಂದ್ರೆ ಹೇಳ್ಲಿಲ್ಲ. ಬೆಳೆದು ನಿಂತಿರೋ ಒಂದು ಹೊಲ ತೋರ್ಸಿ, ನಾವೇ ಖರ್ಚು ಹಾಕ್ಕೊಂಡು ಬರ್ತೀವಿ ಅಂದೆ. ಅದಕ್ಕೂ ಉತ್ತರ ಇಲ್ಲ. ಆ ಇಬ್ರೂ ದುಡ್ಡು ಕಟ್ಲಿಲ್ಲ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು.

ಈಗ ಮನೆಯವ್ರು ಕೇಳ್ತಾವ್ರೆ, ನಮ್ಮ ಗದ್ದೆಗೆ ಆಗೋ ಮದ್ದಿನ ಬೆಳೆ ಯಾವ್ದೂ ಇಲ್ವಾ ಅಂತ.

ವೈದ್ಯೆ (ಮಂಡ್ಯ)

ಇದೆ ಅಣ್ಣ, ಬಜೆ. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಬಹಳ ಕಾಲದಿಂದ ಬೆಳೆಯುತ್ತಾರೆ. ಭತ್ತದ ಹಾಗೆ ನೀರು ನಿಲ್ಲುವ ಗದ್ದೆಯಲ್ಲೇ ಬರುವ ಗಿಡ, ಗೆಡ್ಡೆಯ ತುಂಡು ನೆಟ್ಟರೆ ಸಾಕು. ಗ್ರಂಧಿಗೆ ಅಂಗಡಿಗಳಿಗೂ ಔಷಧ ತಯಾರಕರಿಗೂ ಬೇಕಾದ ವಸ್ತು. ಆದರೆ ಒಂದೇ ಸಲ ಪೂರ್ತಿ ಗದ್ದೆಗೆ ಹಾಕಬೇಡಿ. ಮೊದಲು ಕೊಳ್ಳುವವರನ್ನು ಹುಡುಕಿ, ಕೊರಟಗೆರೆಗೆ ಒಮ್ಮೆ ಹೋಗಿ ಬೆಳೆದವರ ಹತ್ತಿರವೇ ಖರ್ಚು, ಬೆಲೆ ಕೇಳಿ, ಆಮೇಲೆ ಕಾಲುಭಾಗದಲ್ಲಿ ನೆಟ್ಟು ನೋಡಿ.

ಮೂರು ತಲೆಮಾರಿನ ಗ್ರಂಧಿಗೆ

ಅಣ್ಣ, ಬಜೆ ಬೆಳೆದರೆ ಒಣಗಿಸುವ ಮುಂಚೆ ನನಗೊಂದು ಸಂದೇಶ ಹಾಕಿ. ಬಿಸಿಲು ಹೆಚ್ಚಾದರೆ ಎಣ್ಣೆ ಹಾರಿಹೋಗುತ್ತದೆ, ನೆರಳಲ್ಲಿ ಒಣಗಿಸಬೇಕು. ಬೇರುಕೂದಲು ತೆಗೆಯುವುದು ಹೇಗೆ ಅಂತ ನಾನೇ ಪಾಂಡವಪುರಕ್ಕೆ ಬಂದು ತೋರಿಸಿಕೊಡುತ್ತೇನೆ.